ಮನೆವಾರ್ತೆ: ಮುಂಜಾನೆ ಮುನಿಯುವ ಇಂಟರ್‌ನೆಟ್



ಕಳೆದ ಸಂಚಿಕೆಯಲ್ಲಿ ತೊಗರಿಬೇಳೆಗೆ ಹುಳು ಬೀಳದಂತೆ ಕಾಪಿಡುವ ಬಗೆ ಬರೆದಿದ್ದೆ. ಈ ಸಲ ಅಡಿಗೆಮನೆ ಬಿಟ್ಟು ಪಡಸಾಲೆಗೆ ಬಂದಿದ್ದೇನೆ. “ಈಕಿಗೇನಾತು, ರೊಟ್ಟಿ ಬಡಿಯೂದು ಬಿಟ್ಟು ಕಂಪ್ಯೂಟರಿಗೆ ಕೈ ಹಾಕ್ಯಾಳ” ಎಂದು ನಗಬೇಡಿರಿ. ನಮ್ಮ ಮನೆಯಲ್ಲೂ ಮೊದಲು ನಕ್ಕರು. ಆದರೆ ಒಂದೂವರೆ ತಿಂಗಳು ಮನೆಯ ನೆಮ್ಮದಿ ಕೆಡಿಸಿದ್ದ ತೊಂದರೆ ಕಡೆಗೆ ಬಗೆಹರಿದದ್ದು ನನ್ನ ದಿನಸಿ ಲೆಕ್ಕದ ನೋಟುಬುಕ್ಕಿನಿಂದ. ಇಂಥ ಪೇಚಾಟ ನಿಮ್ಮಲ್ಲಿ ಯಾರಿಗಾದರೂ ಬಂದಿದ್ದರೆ ರಿಪೇರಿ ಅಂಗಡಿಗೆ ದುಡ್ಡು ಸುರಿಯುವ ಮೊದಲು ಇದನ್ನೊಮ್ಮೆ ಓದಿರಿ.

ನಮ್ಮದು ಕಲಬುರಗಿ ಮಗ್ಗುಲಿನ ತಾಜಸುಲ್ತಾನಪುರ. ಪೇಟೆಗೆ ಹತ್ತಿರವೇ, ಆದರೂ ಪೇಟೆಯಲ್ಲ. ಮಗಳು ಬಿ.ಇಡಿ. ಮುಗಿಸಿ ಶಿಕ್ಷಕರ ಅರ್ಹತಾ ಪರೀಕ್ಷೆಗೆ ಓದುತ್ತಿದ್ದಾಳೆ. ಮುಂಜಾನೆ ಆರೂವರೆಗೆ ಕಂಪ್ಯೂಟರಿನಲ್ಲಿ ಪಾಠ, ರವಿವಾರ ಏಳು ಗಂಟೆಗೆ ಪರೀಕ್ಷೆ. ಏಳೂ ಕಾಲಿಗೆ ಆ ಪರೀಕ್ಷೆಯ ಬಾಗಿಲು ಮುಚ್ಚಿತೆಂದರೆ ಆಮೇಲೆ ಯಾರು ಬಂದು ಕೇಳಿಕೊಂಡರೂ ತೆರೆಯುವುದಿಲ್ಲ. ಪೇಟೆಯ ಕ್ಲಾಸಿಗೆ ಕಳಿಸೋಣವೆಂದರೆ ಕತ್ತಲಲ್ಲಿ ಮನೆ ಬಿಡಬೇಕು, ಅದಕ್ಕೆ ನಮ್ಮ ಯಜಮಾನರು ಒಪ್ಪುವುದಿಲ್ಲ. ಮೊಬೈಲಿನಲ್ಲಿ ನೋಡಬಾರದೇ ಎನ್ನುವಿರಿ. ಪಾಠವನ್ನೇನೋ ನೋಡಬಹುದು, ಬೋರ್ಡಿನ ಮೇಲಿನ ಲೆಕ್ಕ ಎಳ್ಳಿನ ಕಾಳಿನಷ್ಟು ಕಾಣುತ್ತದೆ. ಪರೀಕ್ಷೆಗೆ ಮಾತ್ರ ಕಂಪ್ಯೂಟರೇ ಬೇಕೆಂದು ಅವರ ನಿಯಮ.

ಕಂಪ್ಯೂಟರು ಹಳೆಯದು. ಅದರಲ್ಲಿದ್ದ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಯಿತು. ಹೊಸ ವಿಂಡೋಸ್ ಹಾಕೋಣವೆಂದರೆ ಅದನ್ನು ಹೊರುವ ಶಕ್ತಿ ಈ ಯಂತ್ರಕ್ಕಿಲ್ಲ. ದೀಪಾವಳಿಗೆ ಬಂದಿದ್ದ ನಮ್ಮ ಅಕ್ಕನ ಮಗ, “ಚಿಗವ್ವ, ಹೊಸದು ತರಬ್ಯಾಡ, ಇದಕ್ಕ ಲಿನಕ್ಸ್ ಹಾಕಿ ಕೊಡ್ತೀನಿ, ಒಂದು ಪೈಸಾ ಖರ್ಚಿಲ್ಲ” ಎಂದು ಲಿನಕ್ಸ್ ಮಿಂಟ್ ಎಂಬುದನ್ನು ಹಾಕಿ ಹೋದ. 1991ರಲ್ಲಿ ಫಿನ್ಲೆಂಡ್ ದೇಶದ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೋರ್ವಾಲ್ಡ್ಸ್ ಎಂಬ ಹುಡುಗ ತನ್ನ ಮನೆಯ ಕಂಪ್ಯೂಟರಿಗಾಗಿ ಬರೆಯತೊಡಗಿದ್ದು ಈ ಲಿನಕ್ಸ್. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ನೆರೆಯವರಿಗೆ ಹಂಚಬಹುದು. ಮಿಂಟ್ ನಿಂತಿರುವುದು ಉಬುಂಟು ಎಂಬ ಇನ್ನೊಂದು ಲಿನಕ್ಸಿನ ಮೇಲೆ. ನಮ್ಮ ರಾಜ್ಯದ ಸರ್ಕಾರಿ ಹೈಸ್ಕೂಲಿನ ಎಷ್ಟೋ ಮಾಸ್ತರರು ಕಂಪ್ಯೂಟರ್ ತರಬೇತಿ ಪಡೆದದ್ದು ಆ ಉಬುಂಟುವಿನಲ್ಲೇ. ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯೂ ಇದರಲ್ಲಿ ‘ಕಗಪ’ ಎಂಬ ಹೆಸರಿನಿಂದ ಸಿಗುತ್ತದೆ. ಗುಬ್ಬಿ, ನವಿಲು ಎಂಬ ಹೆಸರಿನ ಕನ್ನಡ ಅಕ್ಷರಗಳೂ ಉಂಟು. ಮಗಳು ಟಿಪ್ಪಣಿಗಳನ್ನೆಲ್ಲ ಕನ್ನಡದಲ್ಲೇ ಒತ್ತಿಕೊಳ್ಳತೊಡಗಿದಳು. ಎರಡು ತಿಂಗಳು ಎಲ್ಲವೂ ಹೂವಿನ ಹಾಗೆ ನಡೆಯಿತು.

ಆಮೇಲೆ ಶುರುವಾಯಿತು ಫಜೀತಿ. ಕಂಪ್ಯೂಟರು ಹಚ್ಚಿದರೆ ಪರದೆ ಬರುತ್ತದೆ, ಇಂಟರ್‌ನೆಟ್ ಬರುವುದಿಲ್ಲ. ವೈಫೈ ಗುರುತು ಒಂದಷ್ಟು ಹೊತ್ತು ತಿರುಗಿ ಸುಮ್ಮನಾಗುತ್ತದೆ. ಮಗಳು ಓಡಿಹೋಗಿ ಗೋಡೆಯ ಮೇಲಿನ ಇಂಟರ್‌ನೆಟ್ ಡಬ್ಬಿ ಆರಿಸಿ ಹಚ್ಚುತ್ತಾಳೆ. ಅದು ಮತ್ತೆ ಎಚ್ಚರಾಗಲು ಎರಡು ಮೂರು ನಿಮಿಷ. ಕಂಪ್ಯೂಟರು ಆರಿಸಿ ಹಚ್ಚುತ್ತಾಳೆ, ಮತ್ತೆ ಅದೇ ಕತೆ. ಕಡೆಗೆ ಡಬ್ಬಿಯ ಬೆನ್ನಿಗೆ ಅಂಟಿಸಿದ ಚೀಟಿ ನೋಡಿ ವೈಫೈ ಪಾಸ್‌ವರ್ಡ್ ಹೊಸದಾಗಿ ಒತ್ತಿದರೆ ಒಮ್ಮೊಮ್ಮೆ ಬಂದುಬಿಡುತ್ತದೆ! ಒಮ್ಮೆ ಬಂತೋ, ಆ ದಿನವೆಲ್ಲ ತೊಂದರೆಯಿಲ್ಲ. ಮರುದಿನ ಹಚ್ಚಿದಾಗ ಮತ್ತೆ ಹಾಡಿದ್ದೇ ಹಾಡು.

ಇಷ್ಟರಲ್ಲಿ ಏಳೂ ಕಾಲು ದಾಟಿರುತ್ತಿತ್ತು. ಒಂದಲ್ಲ ಎರಡಲ್ಲ, ಮೂರು ರವಿವಾರ ಪರೀಕ್ಷೆ ತಪ್ಪಿತು. ಕ್ಲಾಸಿನವರು ಫಲಿತಾಂಶವನ್ನು ತಂದೆಯ ಮೊಬೈಲಿಗೂ ಕಳಿಸುತ್ತಾರೆ. ಮೂರೂ ಸಲ ‘ಗೈರುಹಾಜರು’ ಎಂದು ಬಂತು. ಯಜಮಾನರು ಮೊದಲೆರಡು ಸಲ ಸುಮ್ಮನಿದ್ದರು. ಮೂರನೆಯ ಸಲ, “ದಿನಾ ಮುಂಜಾನೆ ಇಂಟರ್‌ನೆಟ್ ಇಲ್ಲ ಅಂತಾಳ, ಹತ್ತು ಗಂಟೆಕ್ಕ ನೋಡಿದ್ರ ಛಂದ ಅದ. ಓದಾಕ ಮನಸ್ಸಿಲ್ಲಂದ್ರ ಹಂಗ ಹೇಳ್ಲಿ. ಆಳಂದದವರು ನೋಡಾಕ ಬರ್ತೀವಿ ಅಂದಾರ, ಬರ್ರಿ ಅಂತೀನಿ” ಎಂದರು. ಮಗಳು ಜಗಳವಾಡಲಿಲ್ಲ. ಪುಸ್ತಕ ಮುಚ್ಚಿಟ್ಟು ಒಳಗೆ ಹೋದಳು. ಅದನ್ನು ನೋಡಿ ನನಗೆ ಆ ದಿನ ಅನ್ನ ಇಳಿಯಲಿಲ್ಲ. ತಪ್ಪು ಯಂತ್ರದ್ದು, ಸುಳ್ಳುಗಾತಿ ಎನ್ನಿಸಿಕೊಂಡವಳು ನನ್ನ ಮಗಳು.

ಯಂತ್ರವನ್ನು ಪೇಟೆಯ ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದೆವು. ಅಲ್ಲಿಯ ಹುಡುಗ ಹಚ್ಚಿ ನೋಡಿ, ಎದ್ದ ಕಿಟಕಿಯನ್ನೆಲ್ಲ ಟಕ್ ಟಕ್ ಎಂದು ಮುಚ್ಚಿ, “ಮದರ್‌ಬೋರ್ಡ್ ಹೋಗ್ಯಾದ ಅಕ್ಕಾರ, 6,500 ಆಗ್ತದ. ಇಲ್ಲಂದ್ರ ಈ ಲಿನಕ್ಸ್ ತಗದು ಬ್ಯಾರೆ ಹಾಕಬೇಕು” ಎಂದ. ಅವನು ಮೋಸಗಾರನೆಂದು ನಾನು ಹೇಳಲಾರೆ. ಅವನೂ ಪೂರ್ತಿ ನೋಡಲಿಲ್ಲ, ಅಷ್ಟೆ. ಮದರ್‌ಬೋರ್ಡ್ ಕೆಟ್ಟರೆ ಹತ್ತು ಗಂಟೆಗೆ ಹೇಗೆ ಸರಿಯಿರುತ್ತದೆಂದು ನನ್ನ ಮನಸ್ಸಿಗೆ ಅನ್ನಿಸಿತು. ಹಾಲು ಒಡೆದರೆ ದಿನವೆಲ್ಲ ಒಡೆದೇ ಇರುತ್ತದೆ, ಸಂಜೆಗೆ ಮತ್ತೆ ಕೂಡಿಕೊಳ್ಳುವುದಿಲ್ಲವಲ್ಲ! ಯೋಚಿಸಿ ಹೇಳುತ್ತೇವೆಂದು ಯಂತ್ರ ವಾಪಸು ತಂದೆವು.

ಹಾಲಿನದೇ ಮಾತು ಮುಂದುವರಿಸುತ್ತೇನೆ. ದಿನಾ ಸರಿಯಿದ್ದ ಹಾಲು ಒಂದು ದಿನ ಒಡೆದರೆ ನಾವು ಎಮ್ಮೆ ಬದಲಿಸುತ್ತೇವೆಯೇ? ನಿನ್ನೆ ಏನು ಬೇರೆ ಮಾಡಿದೆವೆಂದು ನೋಡುತ್ತೇವೆ. ಪಾತ್ರೆ ಬೇರೆಯೋ, ಹುಳಿ ಕಲೆಸಿದ ಸೌಟು ಮುಳುಗಿಸಿದೆವೋ ಎಂದು. ಹಾಗೆಯೇ ಈ ರೋಗ ಯಾವ ದಿನದಿಂದ ಎಂದು ಮನೆಯವರನ್ನೆಲ್ಲ ಕೇಳಿದೆ. ಯಜಮಾನರು, “ಕರೆಂಟು ಬಾಳ ಹೋಗಾಕ ಹತ್ತಿದ ಮ್ಯಾಲೆ” ಎಂದರು. ಮಗಳು, “ಜನವರಿ ಇರಬೇಕವ್ವ” ಎಂದಳು. ನನಗೆ ಮಾತ್ರ ದಿನ ಸರಿಯಾಗಿ ನೆನಪಿತ್ತು. ಮೊದಲ ಸಲ ಆಕೆ “ನೆಟ್ ಬರವಲ್ದವ್ವ” ಎಂದು ಕೂಗಿದಾಗ ನಾನು ಒಲೆಯ ಮೇಲೆ ನಿನ್ನೆ ಉಳಿದ ಭಜ್ಜಿ ಪಲ್ಯ ಬಿಸಿ ಮಾಡುತ್ತಿದ್ದೆ. ಭಜ್ಜಿ ಪಲ್ಯ ನಮ್ಮ ಮನೆಯಲ್ಲಿ ಆಗುವುದು ವರ್ಷಕ್ಕೊಂದೇ ಸಲ, ಎಳ್ಳ ಅಮಾಸಿಗೆ. ಅಂದಮೇಲೆ ಅಮಾಸಿಯ ಮರುದಿನದಿಂದ! (ಮರುದಿನದ ಭಜ್ಜಿಯ ರುಚಿಯೇ ಬೇರೆ, ಸಜ್ಜಿ ರೊಟ್ಟಿ ಕಟಕಾಗಿರಬೇಕು.)

ಹಾಗಾದರೆ ಎಳ್ಳ ಅಮಾಸಿಯ ದಿನ ಕಂಪ್ಯೂಟರಿಗೆ ಏನು ಮಾಡಿದೆವು? ಮಗಳು ಒಂದು ಗಳಿಗೆ ಯೋಚಿಸಿ ನಾಲಿಗೆ ಕಚ್ಚಿಕೊಂಡಳು. ಅವತ್ತು ಹೊಲದಲ್ಲಿ ಚರಗ ಚೆಲ್ಲಿ ಮನೆಗೆ ಬಂದ ಮೇಲೆ ಬೀಗರ ಮಕ್ಕಳು ಸಿನಿಮಾ ನೋಡಲು ಕುಳಿತವು. ಪರದೆ ಆರಿದಾಗೆಲ್ಲ ಅವು ಪಾಸ್‌ವರ್ಡ್ ಕೇಳಲು ಒಳಗೆ ಓಡಿ ಬರುತ್ತಿದ್ದವು. ಬೇಸತ್ತು ಈಕೆ ಕಂಪ್ಯೂಟರು ಪಾಸ್‌ವರ್ಡ್ ಕೇಳದೆ ತಾನಾಗಿಯೇ ಒಳಗೆ ಬಿಡುವಂತೆ ಮಾಡಿಬಿಟ್ಟಿದ್ದಳು. “ಅದಕ್ಕೂ ಇಂಟರ್‌ನೆಟ್ಟಿಗೂ ಏನವ್ವ ಸಂಬಂಧ” ಎಂದಳು. ಸಂಬಂಧ ನನಗೂ ಗೊತ್ತಿರಲಿಲ್ಲ.

ಮರುದಿನ ಎಲ್ಲರೂ ಹೊರಗೆ ಹೋದ ಮೇಲೆ ನಾನೊಬ್ಬಳೇ ಕುಳಿತು ಹಚ್ಚಿದೆ. ಪರದೆ ಬಂದು ಚಣ ಹೊತ್ತಿಗೆ ನಡುವೆ ಒಂದು ಸಣ್ಣ ಕಿಟಕಿ ಎದ್ದಿತು. ಪಾಸ್‌ವರ್ಡ್ ಕೊಡು ಎನ್ನುತ್ತಿತ್ತು. ಇದನ್ನು ಮಗಳು ದಿನಾ ನೋಡಿದ್ದಾಳೆ, ದಿನಾ ‘ಕ್ಯಾನ್ಸಲ್’ ಒತ್ತಿದ್ದಾಳೆ. ಅಂಗಡಿಯ ಹುಡುಗನೂ ಒತ್ತಿದ್ದ. ಮಗಳದೂ ತಪ್ಪೆನ್ನಲಾರೆ. ಗುರುತಿಲ್ಲದ ಕಿಟಕಿ ಪಾಸ್‌ವರ್ಡ್ ಕೇಳಿದರೆ ಕೊಡಬೇಡಿರೆಂದು ಬ್ಯಾಂಕಿನವರು, ಪೊಲೀಸರು ಎಲ್ಲರೂ ಸಾರುತ್ತಿರುವ ಕಾಲ ಇದು. ನಾನು ಕೊಡಲೂ ಇಲ್ಲ, ಮುಚ್ಚಲೂ ಇಲ್ಲ. ದಿನಸಿ ಪುಸ್ತಕ ತಂದು ಅದರಲ್ಲಿದ್ದ ಇಂಗ್ಲಿಷು ಸಾಲನ್ನು ಒಂದೊಂದೇ ಅಕ್ಷರ ನೋಡಿ ಬರೆದುಕೊಂಡೆ. ಹೈಸ್ಕೂಲಿನ ಇಂಗ್ಲಿಷು ಅಷ್ಟಕ್ಕೆ ಸಾಕಾಯಿತು. ‘ಕೀರಿಂಗ್’ ಎಂಬ ಪದ ಮಾತ್ರ ತಿಳಿಯಲಿಲ್ಲ. ಫೋನು ಮಾಡಿ ಅಕ್ಕನ ಮಗನಿಗೆ ಓದಿ ಹೇಳಿದೆ.

ಅವನು ಬಿದ್ದು ಬಿದ್ದು ನಕ್ಕ. “ಚಿಗವ್ವ, ಒಂದೂವರೆ ತಿಂಗಳದಾಗ ಆ ಸಾಲು ಪೂರಾ ಓದಿದಾಕಿ ನೀ ಒಬ್ಬಾಕಿನೇ ನೋಡು. ಅದು ಕಳ್ಳ ಅಲ್ಲ. ‘ನೀವು ಒಳಗ ಬರೂ ಮುಂದ ಚಾವಿ ಗೊಂಚಲ ತೆರೀಲಿಲ್ಲ, ಈಗರೆ ತೆರೀರಿ’ ಅಂತ ಕೇಳಾಕ ಹತ್ಯಾದ.”

ಚಾವಿ ಗೊಂಚಲು ಎಂದೊಡನೆ ನನಗೆ ಎಲ್ಲವೂ ಹೊಳೆಯಿತು. ನಮ್ಮ ಅತ್ತೆಯವರು ಇದ್ದಾಗ ಮನೆಯ ಚಾವಿಗಳೆಲ್ಲ ಅವರ ಸೊಂಟದಲ್ಲಿ. ಅವರು ಎದ್ದು ಮುಖ ತೊಳೆದು ಗೊಂಚಲು ಸಿಕ್ಕಿಸಿಕೊಂಡರೆ ಉಗ್ರಾಣ ತೆರೆಯಿತು, ರೊಕ್ಕದ ಅಲಮಾರಿ ತೆರೆಯಿತು. ಅವರು ಏಳದಿದ್ದರೆ ಹಾಲಿನವನು ಬಾಗಿಲಲ್ಲೇ ನಿಲ್ಲಬೇಕು. ಮನೆಯಲ್ಲಿ ರೊಕ್ಕವಿಲ್ಲವೆಂದಲ್ಲ, ತೆಗೆದುಕೊಡುವವರಿಲ್ಲ.

ಲಿನಕ್ಸಿನಲ್ಲೂ ಇದೇ ಏರ್ಪಾಡು. ನಿಮ್ಮ ಪಾಸ್‌ವರ್ಡುಗಳನ್ನು ಅದು ಒಂದು ಗೊಂಚಲು ಮಾಡಿ ಕೀಲಿ ಹಾಕಿ ಇಡುತ್ತದೆ. ಆ ಕೀಲಿ ತೆರೆಯುವುದು ನೀವು ಒಳಗೆ ಬರುವಾಗ ಒತ್ತುವ ಪಾಸ್‌ವರ್ಡಿನಿಂದಲೇ. ಒಂದೇ ಏಟಿಗೆ ಬಾಗಿಲೂ ತೆರೆಯಿತು, ಗೊಂಚಲೂ ತೆರೆಯಿತು. ನಮ್ಮ ವೈಫೈ ಪಾಸ್‌ವರ್ಡು ಮಗಳ ಗೊಂಚಲಿನಲ್ಲಿ ಕೂತಿತ್ತು. ಆಕೆ ಪಾಸ್‌ವರ್ಡ್ ಒತ್ತಿ ಒಳಗೆ ಬರುವವರೆಗೆ ಎಲ್ಲ ಸುಸೂತ್ರ. ಅಮಾಸಿಯ ದಿನ ಬಾಗಿಲನ್ನು ಹಾರು ಹೊಡೆದು ಇಟ್ಟಳು. ಒತ್ತುವ ಪಾಸ್‌ವರ್ಡೇ ಇಲ್ಲವಾದ ಮೇಲೆ ಗೊಂಚಲನ್ನು ತೆರೆಯುವವರು ಯಾರು? ಕಂಪ್ಯೂಟರು ಎದ್ದಿತು, ಡಬ್ಬಿಯೂ ಎದ್ದು ಕಾಯುತ್ತಿತ್ತು, ಪಾಸ್‌ವರ್ಡು ಮಾತ್ರ ಕೀಲಿಯೊಳಗೆ. ಅದಕ್ಕೇ ಪಾಪ ಆ ಕಿಟಕಿ ದಿನಾ ಬಂದು ಕೇಳುತ್ತಿತ್ತು, ನಾವು ದಿನಾ ಹೊರಗೆ ದಬ್ಬುತ್ತಿದ್ದೆವು.

ಇನ್ನು ಪರಿಹಾರ. ಮಿಂಟ್ ಇರುವವರು ಹೀಗೆ ಮಾಡಿರಿ. ಪರದೆಯ ಕೆಳಪಟ್ಟಿಯ ಬಲತುದಿಯಲ್ಲಿರುವ ವೈಫೈ ಗುರುತನ್ನು ಒತ್ತಿ ‘ನೆಟ್‌ವರ್ಕ್ ಕನೆಕ್ಷನ್ಸ್’ ಎಂಬುದಕ್ಕೆ ಹೋಗಿರಿ. ಪಟ್ಟಿಯಲ್ಲಿ ನಿಮ್ಮ ಮನೆಯ ವೈಫೈ ಹೆಸರು ಆರಿಸಿ, ಕೆಳಗಿನ ಹಲ್ಲುಚಕ್ರದ ಗುರುತು ಒತ್ತಿರಿ. ‘ವೈಫೈ ಸೆಕ್ಯುರಿಟಿ’ ಎಂಬ ಹಾಳೆಯಲ್ಲಿ ಪಾಸ್‌ವರ್ಡಿನ ಚೌಕ ಇದೆ. ಆ ಚೌಕದ ಬಲ ಮೂಲೆಯಲ್ಲಿ ಒಂದು ಪುಟ್ಟ ಚಿತ್ರ ಇರುತ್ತದೆ. ಯಾರ ಕಣ್ಣಿಗೂ ಬೀಳದಷ್ಟು ಪುಟ್ಟದು, ನಾವೂ ಮೂರು ಸಲ ತಪ್ಪಿಸಿಕೊಂಡೆವು. ಅದನ್ನು ಒತ್ತಿದರೆ ಪಾಸ್‌ವರ್ಡನ್ನು ಈ ಬಳಕೆದಾರರಿಗೆ ಮಾತ್ರ ಇಡಲೇ, ಎಲ್ಲ ಬಳಕೆದಾರರಿಗೂ ಇಡಲೇ ಎಂದು ಕೇಳುತ್ತದೆ. ಎಲ್ಲರಿಗೂ ಎಂಬುದನ್ನು ಆರಿಸಿರಿ. ಬಳಿಕ ‘ಜನರಲ್’ ಹಾಳೆಯಲ್ಲಿ ತಾನಾಗಿ ಜೋಡಣೆಯಾಗಲಿ ಎಂಬುದಕ್ಕೂ, ಎಲ್ಲ ಬಳಕೆದಾರರೂ ಸೇರಬಹುದು ಎಂಬುದಕ್ಕೂ ಗುರುತು ಬಿದ್ದಿದೆಯೇ ನೋಡಿ ಉಳಿಸಿರಿ. ಹಾಲಿನವನ ರೊಕ್ಕವನ್ನು ಅಲಮಾರಿಯಿಂದ ತೆಗೆದು ಬಾಗಿಲ ಹತ್ತಿರದ ಗೂಡಿನಲ್ಲಿ ಇಟ್ಟ ಹಾಗಾಯಿತು. ಇನ್ನು ಯಾರೂ ಹೆಸರು ಹೇಳಿ ಒಳಗೆ ಬರುವ ಮುಂಚೆಯೇ ಯಂತ್ರ ತನ್ನಷ್ಟಕ್ಕೆ ವೈಫೈ ಹಿಡಿದುಕೊಳ್ಳುತ್ತದೆ.

ಇದಕ್ಕೊಂದು ಎಚ್ಚರಿಕೆ ಇದೆ. ಗೂಡಿನಲ್ಲಿಟ್ಟ ರೊಕ್ಕಕ್ಕೆ ಕೀಲಿ ಇರುವುದಿಲ್ಲವಲ್ಲ, ಹಾಗೆಯೇ ಪಾಸ್‌ವರ್ಡೂ ಗುಪ್ತಲಿಪಿಯಿಲ್ಲದೆ ಯಂತ್ರದ ಯಜಮಾನಿಕೆ ಇದ್ದವರು ಮಾತ್ರ ಓದಬಹುದಾದ ಕಡತದಲ್ಲಿ ಕೂರುತ್ತದೆ. ಮನೆಯಲ್ಲೇ ಇರುವ ಮೇಜಿನ ಕಂಪ್ಯೂಟರಿಗೆ ಇದರಿಂದ ಬಾಧಕವಿಲ್ಲ. ಕೈಯಲ್ಲಿ ಹಿಡಿದು ಊರೂರು ತಿರುಗುವ ಲ್ಯಾಪ್‌ಟಾಪಾದರೆ ಇದನ್ನು ಮಾಡದೆ, ಪಾಸ್‌ವರ್ಡ್ ಕೇಳಿಯೇ ಒಳಗೆ ಬಿಡುವ ಹಳೆಯ ಕ್ರಮಕ್ಕೆ ಮರಳುವುದು ಲೇಸು. ಕೆಲವರು ಗೊಂಚಲಿನ ಪಾಸ್‌ವರ್ಡನ್ನೇ ಖಾಲಿ ಬಿಟ್ಟರೆ ಕಿಟಕಿ ಏಳುವುದಿಲ್ಲ ಎಂದು ಉಪಾಯ ಹೇಳುತ್ತಾರೆ. ಅದನ್ನು ಮಾತ್ರ ಮಾಡಬೇಡ ಎಂದು ಅಕ್ಕನ ಮಗ ಒತ್ತಿ ಹೇಳಿದ. ಬ್ರೌಸರಿನಲ್ಲಿ ಉಳಿಸಿದ ಬೇರೆ ಪಾಸ್‌ವರ್ಡುಗಳ ಕಾವಲೂ ಅದೇ ಗೊಂಚಲಿನದಾಗಿರಬಹುದು. ನಾವು ಎರಡೂ ಮಾಡಿದೆವು. ವೈಫೈ ಪಾಸ್‌ವರ್ಡನ್ನು ಎಲ್ಲರಿಗೂ ಇಟ್ಟೆವು, ‘ಲಾಗಿನ್ ವಿಂಡೋ’ ಎಂಬಲ್ಲಿ ಹೋಗಿ ತಾನಾಗಿ ಒಳಗೆ ಬಿಡುವುದನ್ನೂ ತೆಗೆದೆವು. ಬೀಗರ ಮಕ್ಕಳು ಮುಂದಿನ ಸಲ ಬಂದಾಗ ಒಳಗೆ ಓಡಿ ಬಂದು ಕೇಳಲಿ, ಬಿಡಿ.

ಒಮ್ಮೆ ಬಂದರೆ ಗುಣವಾಯಿತೆಂದು ನಂಬಬಾರದು. ಪೂರ್ತಿ ಆರಿಸಿ ಹಚ್ಚಿ ನೋಡಬೇಕು. ನಾವು ಆ ಸಂಜೆ ಐದು ಸಲ ಆರಿಸಿ ಹಚ್ಚಿದೆವು, ಐದೂ ಸಲ ಬಂತು. ಯಜಮಾನರು ಬಾಗಿಲಲ್ಲಿ ನಿಂತು ನೋಡಿದರು, ಮಾತಾಡಲಿಲ್ಲ. ರವಿವಾರ ಮುಂಜಾನೆ ಚಹಾಕ್ಕೆ ನೀರಿಟ್ಟು ಸಕ್ಕರೆ ಹಾಕುವಷ್ಟರಲ್ಲಿ ಪಡಸಾಲೆಯಿಂದ ಕೀಲಿಮಣೆಯ ಸದ್ದು ಕೇಳಿಬಂತು. ಗಡಿಯಾರದಲ್ಲಿ ಏಳು ಗಂಟೆ ಎರಡು ನಿಮಿಷ. ಆ ವಾರ ಮೊಬೈಲಿಗೆ 100ಕ್ಕೆ 71 ಎಂದು ಬಂದದ್ದನ್ನು ಯಜಮಾನರೇ ಓದಿ ಹೇಳಿದರು. ಆಳಂದದವರಿಗೆ ಪರೀಕ್ಷೆ ಮುಗಿಯಲಿ ಎಂದು ಫೋನು ಮಾಡಿದ್ದಾರೆ.

ನಿಮ್ಮ ಮನೆಯ ರೋಗ ಇದೇ ಇರಬೇಕೆಂದೇನಿಲ್ಲ. ಅದಕ್ಕೇ ನಾನು ಈಗ ನೋಡುವ ಕ್ರಮ ಹೇಳುತ್ತೇನೆ. ಮೊದಲು ಮೊಬೈಲಿನ ಡಾಟಾ ಆರಿಸಿ, ಅದೇ ವೈಫೈಗೆ ಸೇರಿಸಿ ನೋಡಿರಿ. ಮೊಬೈಲಿಗೂ ಬಾರದಿದ್ದರೆ ಕಂಪ್ಯೂಟರನ್ನು ಬಯ್ಯಬೇಡಿರಿ. ಡಬ್ಬಿಯ ಮೇಲೆ ಎಲ್‌ಓಎಸ್ ಎಂದು ಬರೆದ ಕಡೆ ಕೆಂಪು ದೀಪ ಹತ್ತಿದ್ದರೆ ಹೊರಗಿನ ಗಾಜಿನ ತಂತಿಯಲ್ಲೇ ತೊಂದರೆ. ಕಂಪನಿಯವರಿಗೆ ಹೇಳಬೇಕೇ ವಿನಾ ನಮ್ಮ ಕೈಯಲ್ಲಿ ಏನೂ ಇಲ್ಲ. ಕರೆಂಟು ಹೋಗಿ ಬಂದ ಕೂಡಲೇ ಕಂಪ್ಯೂಟರು ಹಚ್ಚುವವರು ಡಬ್ಬಿಗೆ ಮೂರು ನಾಲ್ಕು ನಿಮಿಷ ಬಿಡುವು ಕೊಡಿರಿ. ಯಂತ್ರ ಬೇಗ ಎದ್ದು ವಿಳಾಸ ಕೊಡು ಎಂದು ಕೇಳುವ ಹೊತ್ತಿಗೆ ಡಬ್ಬಿ ಇನ್ನೂ ಕಣ್ಣು ಉಜ್ಜಿಕೊಳ್ಳುತ್ತಿರುತ್ತದೆ. ಕೆಲವು ಸಲ ಕೇಳಿದ್ದು ಸಿಗದಿದ್ದರೆ ಲಿನಕ್ಸ್ ಸುಮ್ಮನಾಗಿ, ಸುಮಾರು ಐದು ನಿಮಿಷ ಬಿಟ್ಟು ಮತ್ತೆ ಕೇಳುತ್ತದೆ. ಅಷ್ಟು ಕಾಯುವ ಬದಲು ವೈಫೈ ಗುರುತನ್ನು ಒಮ್ಮೆ ಆರಿಸಿ ಹಚ್ಚಿದರೂ ಆಯಿತು. ಮೊಬೈಲಿಗೆ ಬಂದು ಕಂಪ್ಯೂಟರಿಗೆ ಮಾತ್ರ ಬಾರದಿದ್ದರೆ ಡಬ್ಬಿಯಿಂದ ನೇರ ತಂತಿ ಎಳೆದು ಜೋಡಿಸಿ ನೋಡಿರಿ. ತಂತಿಯಲ್ಲಿ ಬಂದರೆ ತೊಂದರೆ ವೈಫೈದು ಎಂದು ತಿಳಿಯಿತು.

ಪರೀಕ್ಷೆಯ ಹೊತ್ತಿಗೆ ಕೈಕೊಟ್ಟರೆ ಇನ್ನೊಂದು ತುರ್ತು ಮದ್ದಿದೆ. ಮೊಬೈಲನ್ನು ಚಾರ್ಜಿಂಗ್ ವಯರಿನಿಂದ ಕಂಪ್ಯೂಟರಿಗೆ ಚುಚ್ಚಿ, ಮೊಬೈಲಿನ ಸೆಟ್ಟಿಂಗಿನಲ್ಲಿ ‘ಯುಎಸ್‌ಬಿ ಟೆದರಿಂಗ್’ ಹಚ್ಚಿದರೆ ಆಂಡ್ರಾಯ್ಡ್ ಫೋನಿನ ಡಾಟಾ ಸಾಧಾರಣವಾಗಿ ನೇರ ಲಿನಕ್ಸಿಗೆ ಬರುತ್ತದೆ. ಇದು ಮೊದಲೇ ಗೊತ್ತಿದ್ದರೆ ನಮ್ಮ ಮೂರು ರವಿವಾರ ಉಳಿಯುತ್ತಿದ್ದವು.

ಕಮಲಾಪುರದಿಂದ ಒಬ್ಬ ತಂಗಿ ಬರೆದಿದ್ದಾರೆ. ಅವರ ಲ್ಯಾಪ್‌ಟಾಪಿನಲ್ಲಿ ವಿಂಡೋಸೂ ಇದೆ, ಲಿನಕ್ಸೂ ಇದೆ. ಲಿನಕ್ಸ್ ಹಚ್ಚಿದಾಗ ಕೆಲವು ದಿನ ವೈಫೈ ಎಂಬುದೇ ಕಾಣುವುದಿಲ್ಲವಂತೆ. ತಂಗಿ, ಹಿಂದಿನ ದಿನ ವಿಂಡೋಸ್ ಬಳಸಿ ಆರಿಸಿದಾಗಷ್ಟೇ ಹೀಗಾಗುತ್ತದೆಯೇ ಎಂದು ಗಮನಿಸಿ ನೋಡು. ವಿಂಡೋಸಿನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡಿದೆ. ಅದು ಯಂತ್ರವನ್ನು ಪೂರ್ತಿ ಮಲಗಿಸದೆ ಅರೆನಿದ್ದೆಯಲ್ಲಿ ಇಡುವುದರಿಂದ ಕೆಲವು ವೈಫೈ ಚಿಪ್ಪುಗಳು ಲಿನಕ್ಸಿನ ಮಾತು ಕೇಳುವುದಿಲ್ಲ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಯ್ಕೆಗಳಲ್ಲಿ ಅದರ ಗುರುತು ತೆಗೆದುಬಿಡು. ಅಲ್ಲಿಯವರೆಗೆ ವಿಂಡೋಸಿನಿಂದ ‘ಶಟ್‌ಡೌನ್’ ಬದಲು ‘ರೀಸ್ಟಾರ್ಟ್’ ಒತ್ತಿ ಲಿನಕ್ಸಿಗೆ ಬಂದರೂ ನಡೆಯುತ್ತದೆ. ಏರೋಪ್ಲೇನಿನ ಗುರುತಿರುವ ಗುಂಡಿಗೆ ಕೈ ತಾಗಿಲ್ಲವಷ್ಟೇ ಎಂದೂ ಒಮ್ಮೆ ನೋಡಿಕೋ.

ನಿನ್ನ ಊರಿನ ಕೆಂಪು ಬಾಳೆಹಣ್ಣಿನ ಹಲ್ವ ಗಂಟುಗಟ್ಟುತ್ತದೆ ಎಂದೂ ಕೇಳಿದ್ದೀ. ಅದಕ್ಕೆ ಜಾಗ ಸಾಲಲಿಲ್ಲ, ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ.